ಹಸಿರಾದ ಸ್ಕ್ರೀನು

ನಮ್ಮ ಅರಸೀಕೆರೆ ಮಾತ್ರೆ ಕಾರ್ಖಾನೆಯಲ್ಲಿ ಕೆಟ್ಟಿದ್ದು ತೇವ ಹೀರುವ ಯಂತ್ರ. ಮ್ಯಾನೇಜರ್ ಸರಿಮಾಡಿಸಿದ್ದು ಕಂಪ್ಯೂಟರನ್ನು.

ಕೋಣೆಕೋಣೆಯ ತೇವ, ಶಾಖವೆಲ್ಲ ಕ್ಷಣಕ್ಷಣವೂ ಕಂಪ್ಯೂಟರಿಗೆ ಹೋಗುತ್ತದೆ. ಮಿತಿ ದಾಟಿದರೆ ಸ್ಕ್ರೀನು ಕೆಂಪು. ಅವತ್ತು ಕೆಂಪಾಯಿತು. ಮ್ಯಾನೇಜರ್ ಕಂಪ್ಯೂಟರಿನಲ್ಲಿ ತೇವದ ಮಿತಿಯನ್ನೇ ಏರಿಸಿದರು. ಹಸಿರಾಯಿತು.

ಪ್ಯಾಕಿಂಗಿನ ಮಂಜಕ್ಕ ಕೈ ನಿಲ್ಲಿಸಿದಳು. "ನಮ್ಮನೆಯವ್ರು ಫಿಟ್ಸಿಗೆ ನುಂಗೋದು ಇದೇ ಮಾತ್ರೆ ಸಾ. ತೇವ ಹಿಡ್ದು ಮುಟ್ಟಿದ್ರೆ ಪುಡಿಯಾಗ್ತೈತೆ. ಅವ್ರು ಬಸ್‌ಸ್ಟ್ಯಾಂಡಲ್ಲಿ ಬಿದ್ರೆ ನಿಮ್ ಕಂಪ್ಯೂಟರ್ ಬಂದು ಎತ್ತುತ್ತಾ?"

"ಸ್ಕ್ರೀನೇ ಹಸಿರಾಗಿದೆ, ನೀನ್ಯಾಕಮ್ಮ ಕೆಂಪಾಗ್ತೀಯ?" ಮ್ಯಾನೇಜರ್ ನಕ್ಕರು.

ಮಾತ್ರೆ ಒತ್ತುವ ಯಂತ್ರ ನನ್ನ ಕೈಯಲ್ಲಿತ್ತು. ನಿಲ್ಲಿಸಿದೆ. ತಕ್ಷಣ ಸ್ಕ್ರೀನು ಮತ್ತೆ ಕೆಂಪಾಯಿತು: ಉತ್ಪಾದನೆ ಕಡಿಮೆಯಾಯಿತಂತೆ. ಆ ಮಿತಿಯನ್ನು ಮಾತ್ರ ಯಾರೂ ಇಳಿಸಿರಲಿಲ್ಲ.

ಮಾತ್ರೆ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಸ್ಕ್ರೀನು ಹಸಿರಾದರೆ ಮಿತಿ ಬದಲಿಸಿದವರು ಯಾರೆಂದು ಕೇಳಿ. ಹೇಳದಿದ್ದರೆ ಯಂತ್ರ ನಿಲ್ಲಿಸಿ.