ಅಟ್ಟದ ಕಾಯಿ ಮತ್ತು ಕಾಮನ್‌ವೆಲ್ತ್

ಮೇಷ್ಟ್ರುಗಳ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ವಿಷಯ, ಹಿಂದೆ ಬ್ರಿಟಿಷರು ಆಳಿದ ದೇಶಗಳ ಕಾಮನ್‌ವೆಲ್ತ್ ಕೂಟವನ್ನು ಭಾರತ ಬಿಡಬೇಕೇ? ತಿಪಟೂರಿನಲ್ಲಿ ನನಗೆ ‘ಬಿಡಬೇಕು’ ಬಂತು. “ಮನಸ್ಸು ಮುರಿದ ಮೇಲೆ ಒಂದೇ ಸೂರು ಯಾಕೆ?” ಎಂದು ಮೇಜು ಗುದ್ದಿ ಗೆದ್ದೆ.

ಮುಂದಿನ ವಾರ ಚಿಕ್ಕನಾಯಕನಹಳ್ಳಿಯ ಫೈನಲ್‌ನಲ್ಲಿ ‘ಬಿಡಬಾರದು’ ಬಂತು. “ಮುನಿಸು ಬಂತೆಂದು ಮನೆ ಒಡೆಯುತ್ತಾರೆಯೇ?” ಎಂದು ಅದೇ ಆವೇಶದಲ್ಲಿ ಗುಡುಗಿದೆ.

ವೇದಿಕೆ ಇಳಿದರೆ ಹಳ್ಳಿಯ ಹಿರಿಯರೊಬ್ಬರು ತಮ್ಮನ ಜೊತೆ ಕಾಯುತ್ತಿದ್ದರು.

“ಮೇಷ್ಟ್ರೇ, ತಿಪಟೂರಲ್ಲೂ ನಿಮ್ಮ ಮಾತು ಕೇಳಿದ್ದೆ ಕಣ್ರೀ. ಇವನು ಭಾಗ ಕೇಳ್ತಾನೇ ಇದ್ದ, ನಾನು ಬ್ಯಾಡ ಅಂತಿದ್ದೆ. ಅವತ್ತು ಮನೆಗೆ ಹೋದವನೇ ಒಪ್ಕೊಂಡೆ. ಹಂಚ್ಕೊಳ್ಳೋಕೆ ಅಂತ ಅಟ್ಟದ ತೆಂಗಿನಕಾಯೆಲ್ಲ ಇಳಿಸಿಬುಟ್ವಿ.”

ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯನ್ನು ಅಲುಗಿಸಿದರೆ ಕೆಡುತ್ತದೆಂದು ವರ್ಷ ತುಂಬುವ ತನಕ ಈ ಕಡೆ ಯಾರೂ ಮುಟ್ಟುವುದಿಲ್ಲ.

“ಈಗ ಮತ್ತೆ ಅಟ್ಟಕ್ಕೆ ಹಾಕಾನೋ, ಹಂಚ್ಕೊಳಾನೋ? ನೀವೇ ಹೇಳ್ಬುಡಿ,” ಎಂದರು. ತಮ್ಮನೂ ನನ್ನ ಮುಖವನ್ನೇ ನೋಡುತ್ತಿದ್ದ.

ಚೀಟಿಯ ವಿಷಯ ನುಂಗಿಕೊಂಡು, “ಕಾಯಿ ಎಷ್ಟಿವೆ?” ಎಂದು ಕೇಳಿದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು, ಮೊದಲ ಬಹುಮಾನ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಆ ಅಣ್ಣತಮ್ಮಂದಿರು. ಅದೊಂದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.