ಹರಕೆಯ ಬೀಗಕ್ಕೆ ನೀಲವ್ವನ ಛತ್ರಿ ಕಡ್ಡಿ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಸಾಲು ಒಂದು ಕಡೆ ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಶಬ್ದಗಳೂ ಬೇಕೆಂದಾಗ ಸಿಗುವುದಿಲ್ಲ. ಓದುವವರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. ನೀಲವ್ವನ ವಿಷಯದಲ್ಲಿ ತಪ್ಪು ಬರೆಯಬಾರದೆಂದು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ, ಆಕೆಗೆ ಬೇಸರ ಬರಿಸಿ ಇದನ್ನು ಬರೆದಿದ್ದೇನೆ.

ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ನೀಲವ್ವನ ಮನೆ. ಗಂಡ ಯಂಕಪ್ಪ ಒಳಗೆ ಮಗ್ಗದಲ್ಲಿ ಸೀರೆ ನೇಯುತ್ತಾನೆ. ನೀಲವ್ವ ಹೊರಗಿನ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಅವನ ಲಾಳಿಯೊಳಗೆ ಕೂಡಿಸುವ ನೂಲಿನ ಸಣ್ಣ ಉರುಳೆ, ಅಂದರೆ ಕಂಡಿಕೆ, ಸುತ್ತುತ್ತಾಳೆ. ಲಡಿಯಿಂದ ಬಿಚ್ಚಿದ ನೂಲು ಆಕೆಯ ಎರಡು ಬೆರಳಿನ ನಡುವೆ ಹಾದು ಕಂಡಿಕೆಗೆ ಏರುತ್ತದೆ. ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಗೋಜಲಾಗುತ್ತದೆ. ಮದುವೆಯಾಗಿ ಬಂದಾಗಿನಿಂದ ಆ ಬೆರಳುಗಳಿಗೆ ಅದೇ ಕೆಲಸ.

ಮನುಷ್ಯನಿಗೆ ಒಂದಿಲ್ಲೊಂದು ಚಟ ಇರುತ್ತದೆ. ಯಂಕಪ್ಪನಿಗೆ ಎಲೆ ಅಡಿಕೆ, ಎದುರು ಮನೆಯ ದುರಗವ್ವನಿಗೆ ಧಾರಾವಾಹಿ. ನೀಲವ್ವನಿಗೆ ಬೀಗ.

ಶುರುವಾದದ್ದು ಮನೆಯ ಟ್ರಂಕಿನಿಂದ. ಅದರ ಚಾವಿ ಕಳೆದುಹೋಗಿತ್ತು. ಯಂಕಪ್ಪ ಸುತ್ತಿಗೆ ಹುಡುಕುತ್ತಿದ್ದಾಗ ಆಕೆ ಫೋನಿನಲ್ಲಿ ಒಂದು ವಿಡಿಯೊ ನೋಡಿ, ಮುರಿದ ಛತ್ರಿಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ಬೀಗದೊಳಗೆ ತೂರಿಸಿದಳು. ಹೊತ್ತು ಏರುವಷ್ಟರಲ್ಲಿ ಟಕ್ಕೆಂದು ತೆರೆಯಿತು. ಆ ಟಕ್ಕೆಂಬ ಸಪ್ಪಳ ಆಕೆಗೆ ಎಷ್ಟು ಹಿಡಿಸಿತೆಂದರೆ, ಅದೇ ಬೀಗವನ್ನು ಮತ್ತೆ ಹಾಕಿ ಮತ್ತೆ ತೆಗೆದಳು. ಅಂದಿನಿಂದ ಗದಗಿನ ಹಳೇ ಸಾಮಾನಿನ ಅಂಗಡಿಯಲ್ಲಿ ಚಾವಿ ಇಲ್ಲದ ಬೀಗ ಕಂಡರೆ ತರುವುದು, ಕಂಡಿಕೆಯ ಕೆಲಸ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ತೆಗೆಯುವುದು, ತೆಗೆದದ್ದನ್ನು ಗೋಡೆಯ ಮೊಳೆಗೆ ತೂಗುಹಾಕುವುದು.

"ಪೊಲೀಸರು ಬಂದ್ರ ಇಕಿ ಯಾರಂತ ನನಗ ಗೊತ್ತಿಲ್ಲ ಅಂತ ಹೇಳಾಂವ ನಾ," ಎಂದು ಯಂಕಪ್ಪ ಮಗ್ಗದಿಂದಲೇ ಕೂಗುತ್ತಿದ್ದ.

"ನೀವ್ ಹೇಳ್ರಿ. ಆಮ್ಯಾಲ ನಿಮ್ಮ ಕಂಡಿಕಿ ಪೊಲೀಸರ ಕೈಲೇ ಸುತ್ತಿಸ್ಕೊರಿ," ಎನ್ನುತ್ತಿದ್ದಳು ನೀಲವ್ವ.

ಆದರೆ ಆಕೆಗೆ ಒಂದು ಕಟ್ಟು ಇತ್ತು. ಬೇರೆಯವರ ಬೀಗಕ್ಕೆ ಕೈ ಹಚ್ಚುವುದಿಲ್ಲ, ಬಾಗಿಲು ಹಾಕಿಕೊಂಡು ಕೂತು ತೆಗೆಯುವುದಿಲ್ಲ. ಓಣಿಯವರೆಲ್ಲ ನೋಡಲಿ ಎಂದೇ ಕಟ್ಟೆಯ ಮೇಲೆ ಕೂಡುತ್ತಿದ್ದಳು.

ಆ ಕಟ್ಟನ್ನು ಸಡಿಲಿಸಿದವಳು ಪಕ್ಕದ ಮನೆಯ ಸುಗ್ರಾಬಿ.

ಸುಗ್ರಾಬಿಯ ಮಗಳು ಶಾಹಿಸ್ತಾಳಿಗೆ ಕೂಡಿಬಂದ ಸಂಬಂಧ ಎರಡು ಸಲ ಮುರಿದಿತ್ತು. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ, ಹುಣಸೆ ಮರದ ಕೆಳಗೆ ಒಂದು ಸಣ್ಣ ದರ್ಗಾ ಇದೆ. ಹರಕೆ ಹೊತ್ತವರು ಅಲ್ಲಿನ ಸರಪಳಿಗೆ ಬೀಗ ಹಾಕಿ ಚಾವಿಯನ್ನು ಮನೆಗೆ ಒಯ್ಯುತ್ತಾರೆ. ಬೇಡಿದ್ದು ಕೈಗೂಡಿದಾಗ ಬಂದು ಬೀಗ ತೆಗೆಯಬೇಕು. ಒಡೆದರೆ, ಕೊಯ್ದರೆ ಹರಕೆಯೇ ಮುರಿದಂತೆ. ಮಗಳ ಮದುವೆಗೆಂದು ಸುಗ್ರಾಬಿಯೂ ಅಲ್ಲಿ ಬೀಗ ಹಾಕಿ ಬಂದಿದ್ದಳು.

ಈಗ ಮುಂಡರಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಜಾಹೀದ ಎಂಬ ಹುಡುಗನೊಂದಿಗೆ ನಿಕಾಹ್ ಗೊತ್ತಾಗಿತ್ತು. ಅದಕ್ಕೆ ಮೊದಲು ಬೀಗ ತೆಗೆಯಬೇಕು. ಚಾವಿಯೇ ಇಲ್ಲ! ಜೋಪಾನವಾಗಿರಲೆಂದು ಸುಗ್ರಾಬಿ ಅದನ್ನು ಹಳೆಯ ಸೀರೆಯೊಂದರ ಸೆರಗಿನ ತುದಿಗೆ ಗಂಟು ಹಾಕಿ ಇಟ್ಟಿದ್ದಳು. ಆಮೇಲೊಂದು ದಿನ ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬಂದಾಗ, ಆ ಸೀರೆ ಕೊಟ್ಟು ಒಂದು ಸ್ಟೀಲಿನ ಡಬರಿ ತೆಗೆದುಕೊಂಡಿದ್ದಳು.

"ಸೆರಗಿನ ಗಂಟು ಬಿಚ್ಚಿ ನೋಡ್ಬೇಕಿಲ್ಲೇನಕ್ಕಾ?" ಎಂದಳು ನೀಲವ್ವ.

"ಡಬರಿ ಫಳಫಳ ಹೊಳ್ಯಾಕತ್ತಿತ್ತವಾ. ಕಣ್ಣ ಅದರ ಮ್ಯಾಲ ಇತ್ತು," ಎಂದು ಸುಗ್ರಾಬಿ ಕಣ್ಣೀರು ಒರೆಸಿಕೊಂಡಳು.

ಶಾಹಿಸ್ತಾ ನಕ್ಕಳು. "ಅಮ್ಮಾ, ಬೀಗ ತೆಗೀಲಿಲ್ಲಂದ್ರ ನಾನೇನ್ ಆ ಸರಪಳಿಗೆ ಜೋತ ಬೀಳ್ತೀನೇನು?"

"ಸುಮ್ಕಿರ. ಎರಡ ಸಲ ಮುರದದ್ದು ಸಾಲ್ದೇನು? ಹರಕಿ ತೀರಿಸದನ ನಿನ್ನ ಕಳಸಾಕ ನನ್ನ ಜೀವ ಒಪ್ಪೂದಿಲ್ಲ."

ನೀಲವ್ವನಿಗೆ ಇಲ್ಲ ಎನ್ನಲಾಗಲಿಲ್ಲ. ಬೀಗ ಸುಗ್ರಾಬಿಯದೇ, ತೆಗೆ ಎನ್ನುತ್ತಿರುವವಳೂ ಅವಳೇ. ಆದರೆ ಅದು ಎಂಥ ಬೀಗ?

"ಲಕ್ಷ್ಮೇಶ್ವರದ ಪ್ಯಾಟ್ಯಾಗ ಎಲ್ಲಾಕಿಂತ ಗಟ್ಟಿ ಯಾವ್ದೈತಿ ಅದನ್ನ ಕೊಡ್ರಿ ಅಂದಿದ್ನಿ," ಎಂದಳು ಸುಗ್ರಾಬಿ. "ಹರಕಿ ಅಂದ ಮ್ಯಾಲ ಗಟ್ಟಿ ಇರಬೇಕಲ್ಲ?"

ಆ ಜಾತಿಯದೇ ಒಂದು ಬೀಗವನ್ನು ತರಿಸಿ ನೀಲವ್ವ ಕಟ್ಟೆಯ ಮೇಲೆ ಕೂತಳು. ಬೀಗದೊಳಗೆ ಸಾಲಾಗಿ ಪಿನ್ನುಗಳಿರುತ್ತವೆ. ಚಾವಿ ಅವನ್ನು ಸರಿಯಾದ ಎತ್ತರಕ್ಕೆ ಎತ್ತಿದಾಗ, ಚಾವಿ ತೂರಿಸುವ ನಡುವಿನ ಗುಂಡು ತಿರುಗುತ್ತದೆ. ಚಾವಿ ಇಲ್ಲದಿದ್ದರೆ, ಒಂದು ಬಾಗಿದ ಪಟ್ಟಿಯಿಂದ ಗುಂಡನ್ನು ತುಸು ತಿರುಗಿಸಿ ಹಿಡಿದು, ಕಡ್ಡಿಯಿಂದ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು. ಇಷ್ಟು ಆಕೆಗೆ ಗೊತ್ತಿತ್ತು. ಆದರೆ ಈ ಬೀಗ ಆಟವಾಡಿಸಿತು. ಎಲ್ಲ ಪಿನ್ನು ಕೂತವು, ಗುಂಡು ತುಸು ತಿರುಗಿತು, ತೆರೆಯಿತು ಎಂದು ಹಿಗ್ಗುವಷ್ಟರಲ್ಲಿ ಅಲ್ಲೇ ನಿಂತುಬಿಟ್ಟಿತು. ಒತ್ತಿದಷ್ಟೂ ಗಟ್ಟಿ. ಯಂಕಪ್ಪನ ಲಾಳಿ ಕಂಡಿಕೆ ಇಲ್ಲದೆ ಖಾಲಿ ಕೂತಿತು.

ಕೊನೆಗೆ ಯಂಕಪ್ಪನೇ ಎದ್ದು, ಅಂಥದೇ ಇನ್ನೊಂದು ಬೀಗವನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಸೀಳಿಸಿ ತಂದ. "ತಗೋ, ಹೊಟ್ಟಿ ಕೊಯ್ಸೇನಿ. ಒಳಗ ಏನೈತಿ ನೋಡ್ಕೊಂಡು ನನಗ ಕಂಡಿಕಿ ಕೊಡು."

ನೀಲವ್ವ ಒಳಗಿನ ಪಿನ್ನುಗಳನ್ನು ಅಂಗೈ ಮೇಲೆ ಸುರಿದುಕೊಂಡಳು. ಬಾಕಿ ಬೀಗದಂತೆ ಅವು ನೆಟ್ಟಗಿರಲಿಲ್ಲ. ಎರಡು ತುದಿ ದಪ್ಪ, ನಡು ಸಣ್ಣ, ದಾರವೆಲ್ಲ ಮುಗಿದ ಖಾಲಿ ರೀಲಿನಂತೆ. ಗುಂಡು ತಿರುಗಿದಾಗ ಆ ಸಣ್ಣ ನಡುವೇ ಅಂಚಿಗೆ ಸಿಕ್ಕಿ ಹಾಕಿಕೊಳ್ಳುತ್ತಿತ್ತು.

"ಅಯ್ಯ, ಇದು ಸಿಕ್ಕು!" ಎಂದಳು.

ಲಡಿಯಲ್ಲಿ ನೂಲು ಸಿಕ್ಕಾದಾಗ ಏನು ಮಾಡಬೇಕೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಎಳೆಯಬಾರದು. ರಾಟಿಯನ್ನು ಕೂದಲೆಳೆಯಷ್ಟು ಹಿಂದೆ ಬಿಡಬೇಕು. ಪೂರ್ತಿ ಬಿಟ್ಟರೆ ಎಲ್ಲ ಬಿಚ್ಚಿಹೋಗುತ್ತದೆ. ಹೊಸ ಬೀಗ ಹಿಡಿದು, ಪಟ್ಟಿಯ ಮೇಲಿನ ಬೆರಳನ್ನು ಅಷ್ಟೇ ಸಡಿಲಿಸಿ ಸಿಕ್ಕ ಪಿನ್ನನ್ನು ಎತ್ತಿದಳು. ಗುಂಡು ಹಿಂದೆ ಸರಿಯಿತು, ಪಿನ್ನು ಮೇಲೇರಿತು, ಟಕ್. ಕೈ ಪಳಗುವವರೆಗೆ ತೆಗೆದಳು, ಹಾಕಿದಳು. ಯಂಕಪ್ಪನಿಗೂ ಕಂಡಿಕೆ ಸಿಕ್ಕಿತು.

ನಿಕಾಹ್ ಇದ್ದ ವಾರದಲ್ಲೇ ನೀಲವ್ವ, ಸುಗ್ರಾಬಿ ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಬಸ್ಸಿನಲ್ಲಿ ಹೊರಟರು. ದರ್ಗಾ ನೋಡಿಕೊಳ್ಳುವ ಮುದುಕ ಲಾಡಸಾಬ ಹುಣಸೆಯ ನೆರಳಿನಲ್ಲಿ ಕೂತಿದ್ದ. ನೀಲವ್ವ ಚೀಲದಿಂದ ಕಡ್ಡಿ ತೆಗೆದದ್ದೇ ತಡ, ಎದ್ದು ಬಂದ.

"ಏನಬೇ ಅದು? ಕಳ್ಳರ ಸಾಮಾನೇನು?"

"ಛತ್ರಿ ಕಡ್ಡಿರಿ, ಅಜ್ಜಾ."

ಸುಗ್ರಾಬಿ ಅಳುತ್ತ ಸೀರೆ, ಡಬರಿ ಎಲ್ಲ ಹೇಳಿದಳು. ಲಾಡಸಾಬ ಗಡ್ಡ ನೀವಿಕೊಂಡ. "ಒಡೀಲಿಲ್ಲಂದ್ರ ನಂದೇನೂ ತಕರಾರಿಲ್ಲ. ಖರೆ, ಹರಕಿ ಹೊತ್ತಾಕಿ ಕೈಲೇನ ಬೀಗ ತಿರುಗಬೇಕು. ಮತ್ತೊಬ್ರು ತೆಗದ್ರ ಅದು ನಡ್ಯೂದಿಲ್ಲ."

ಇಷ್ಟು ದಿನ ಕಲಿತದ್ದು ನೀಲವ್ವನ ಎರಡು ಕೈ, ಸುಗ್ರಾಬಿಯ ಕೈಯಲ್ಲ. ಆಕೆ ಬಾಗಿದ ಪಟ್ಟಿಯನ್ನು ಸುಗ್ರಾಬಿಯ ಬೆರಳಿಗೆ ಕೊಟ್ಟಳು. "ಬೀಗ ತಿರುಗಿಸೂದು ಇದ. ಇದನ್ನ ನೀ ಹಿಡಿ, ಪಿನ್ನ ನಾ ಎತ್ತತೀನಿ. ಪೂರ್ತಿ ಬಿಟ್ರ ಎಲ್ಲಾ ಬಿದ್ದಹೊಕ್ಕಾವ ಮತ್ತ. ಅಜ್ಜಾ, ಇದು ನಡೀತೈತಿಲ್ರಿ?"

ಲಾಡಸಾಬ ಬಗ್ಗಿ ನೋಡಿದ. "ತಿರುಗಸಾಕಿ ಅಕಿನ ಅಲ್ಲ? ಹಂಗಾರ ನಡೀತೈತಿ."

ಪಿನ್ನುಗಳು ಒಂದೊಂದೇ ಕೂತವು. ಗುಂಡು ತುಸು ತಿರುಗಿತು, ನಿಂತಿತು. ಸಿಕ್ಕು.

"ಈಗ ಸಡ್ಲ ಬಿಡಕ್ಕಾ. ಕೂದಲೆಳಿಯಷ್ಟು."

ಸುಗ್ರಾಬಿ ಹೆದರಿ ಇನ್ನೂ ಬಿಗಿ ಹಿಡಿದಳು.

"ಸಡ್ಲ ಅಂದ್ನಿ."

"ಬಿಟ್ರ ಎಲ್ಲಾ ಬಿದ್ದಹೊಕ್ಕಾವ ಅಂತ ನೀನ ಹೇಳೀದಿ ಅಲ್ಲವಾ!" ಬೆರಳ ತುದಿ ಬೆಳ್ಳಗಾಗಿತ್ತು. ಬಿಡು ಎಂದಷ್ಟೂ ಅವಳು ಹಿಡಿಯುತ್ತಿದ್ದಳು. ಒಮ್ಮೆ ಗಾಬರಿಯಲ್ಲಿ ಪೂರ್ತಿ ಬಿಟ್ಟಳು, ಎಲ್ಲ ಪಿನ್ನುಗಳೂ ಉದುರಿದವು. ಮತ್ತೆ ಮೊದಲಿನಿಂದ. ಮತ್ತೆ ಅದೇ ಸಿಕ್ಕು.

ನೀಲವ್ವ ಬೀಗದ ಮಾತನ್ನೇ ಬಿಟ್ಟಳು. ಕಡ್ಡಿಯನ್ನು ಸಿಕ್ಕ ಪಿನ್ನಿನ ಕೆಳಗೆ ಹಾಗೇ ಹಿಡಿದು, "ಅಕ್ಕಾ, ಆ ಡಬರಿ ಮದಿವ್ಯಾಗ ಯಾರಿಗೆ ಕೊಡಾಕಿ?" ಎಂದಳು.

"ಯಾವ ಡಬರಿ?"

"ಅದ, ಫಳಫಳ ಹೊಳ್ಯೂದು."

"ಅದಕ್ಕ ಬೆಂಕಿ ಹಚ್ಚ! ಮೊದಲನೇ ದಿನಾನ ಸೋರಾಕತ್ತು. ಈಗ ಅದರಾಗ ಕೋಳಿಗೆ ನುಚ್ಚು ಹಾಕ್ತೀನಿ," ಎಂದ ಸುಗ್ರಾಬಿಗೆ ತಡೆಯಲಾಗದೆ ನಗೆ ಬಂತು. ಲಾಡಸಾಬನೂ ನಕ್ಕ. ನಗುವಾಗ ಆ ಬೆರಳು ತಾನಾಗಿಯೇ ಸಡಿಲಾಯಿತು. ಗುಂಡು ಹಿಂದೆ ಸರಿದದ್ದು ನೀಲವ್ವನ ಕಡ್ಡಿಗೆ ತಿಳಿಯಿತು. ಪಿನ್ನು ಮೇಲೇರಿತು.

"ಈಗ ತಿರುಗಿಸು!"

ಟಕ್.

ಸುಗ್ರಾಬಿ ತೆರೆದ ಬೀಗ ಹಿಡಿದುಕೊಂಡು ನಕ್ಕಳೋ ಅತ್ತಳೋ ನೀಲವ್ವನಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಎರಡೂ ಎನ್ನುತ್ತಾಳೆ. ತೆರೆದ ಬೀಗವನ್ನು ದರ್ಗಾಕ್ಕೇ ಕೊಡುವುದು ರೂಢಿ. ಲಾಡಸಾಬ ಮಾತ್ರ ಕೈ ಮುಂದೆ ಮಾಡಲಿಲ್ಲ. "ಚಾವಿ ಇಲ್ಲದ ಬೀಗ ನನಗ್ಯಾಕ? ಇದು ಛತ್ರಿ ಕಡ್ಡಿಯಾಕಿಗೆ ಇರ್ಲಿ."

ನಿಕಾಹ್ ಚೆನ್ನಾಗಿ ಆಯಿತು. ಶಾಹಿಸ್ತಾ ಮುಂಡರಗಿಗೆ ಹೋಗುವ ಮುಂದೆ ನೀಲವ್ವನ ಕಿವಿಯಲ್ಲಿ, "ಅಲ್ಲಿ ಅವರ ಅಂಗಡಿ ಚಾವಿ ಕಳದ್ರ ಫೋನ್ ಮಾಡ್ತೀನಿ," ಎಂದಳಂತೆ.

ಹರಕೆಯ ಬೀಗ ಈಗ ನೀಲವ್ವನ ಗೋಡೆಯ ಮೊದಲನೇ ಮೊಳೆಯಲ್ಲಿದೆ. ಬೀಗ ತೆಗೆಯುವುದನ್ನು ನನಗೂ ಕಲಿಸು ಎಂದು ಬಾಯಿ ಬಿಟ್ಟು ಕೇಳಲು ನನಗೆ ಈವರೆಗೆ ಧೈರ್ಯವಾಗಿಲ್ಲ. ಇದನ್ನು ಮಡಚಿಟ್ಟು ಈಗ ಆಕೆಯ ಕಟ್ಟೆಗೆ ಹೋಗುತ್ತೇನೆ. ರೀಲು ಪಿನ್ನಿನದು ಬೇಡ, ಮೊದಲು ಹಗುರಾದ ಬೀಗವೊಂದನ್ನು ಕೊಡು ಎಂದು ಕೇಳುತ್ತೇನೆ.