ವೀಣೆಯ ತಂತಿ ಹಾಕಿದ ಗಿಟಾರು

ನಿಮ್ಮ ವಾದನದ ಮೇಲೆ ಯಾರ ಪ್ರಭಾವ ಎಂದು ಜನ ಈಗಲೂ ಕೇಳುತ್ತಾರೆ. ಕೇಳುವವರಿಗೇನು, ಬಾಯಿ ಬಿಟ್ಟರೆ ಆಯಿತು. ಉತ್ತರ ಹುಡುಕಿ ತಲೆ ಕೆಡಿಸಿಕೊಳ್ಳುವವನು ನಾನು. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರಿಗೆ ಮೋಸ ಮಾಡಿದಂತೆ, ಎಲ್ಲರದೂ ಎಂದರೆ ಯಾರದೂ ಅಲ್ಲ ಎಂದಂತೆ. ಹೆಸರುಗಳ ಗೊಡವೆಯೇ ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಏನು ನಡೆಯಿತೋ ಅದನ್ನಷ್ಟೇ ಹೇಳುತ್ತೇನೆ. ಅರ್ಥ ಮಾಡಿಕೊಳ್ಳುವ ಕೆಲಸ ನಿಮ್ಮದು, ನನಗಂತೂ ಇವತ್ತಿಗೂ ಆಗಿಲ್ಲ.

ನಮ್ಮ ಮನೆ ಜೋಗುಪಾಳ್ಯದಲ್ಲಿತ್ತು. ಅಪ್ಪ ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದರು. ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಸಂಸಾರ ನಡೆಯುತ್ತಿದ್ದದ್ದು ಸೋದರತ್ತೆಯ ವೀಣೆ ಪಾಠದಿಂದ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ವೀಣೆ ತೆಗೆದುಕೊಂಡು ತವರಿಗೆ ಬಂದವಳು ಅವಳು. ಅಮ್ಮ ನಾನು ಚಿಕ್ಕವನಿದ್ದಾಗಲೇ ಹೋಗಿಬಿಟ್ಟಿದ್ದಳು, ಹಾಗಾಗಿ ನನಗೆ ಬೈಯುವವಳೂ ಬಡಿಸುವವಳೂ ಅತ್ತೆಯೇ. ಎಸ್‌ಎಸ್‌ಎಲ್‌ಸಿ ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನು ಇಬ್ಬರೂ ಏನೂ ಅನ್ನುತ್ತಿರಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಗಿಟಾರು ಬಂದದ್ದು ಅಪ್ಪನ ಸ್ನೇಹಿತರಿಂದ. ಅಪ್ಪನ ಜೊತೆ ರೈಲ್ವೆಯಲ್ಲಿದ್ದ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬರು ವರ್ಗವಾಗಿ ಹೋಗುವಾಗ, ಸಾಗಿಸಲಾರದೆ ನಮ್ಮ ಮನೆಯಲ್ಲಿ ಬಿಟ್ಟುಹೋದರು. ತಂತಿ ಒಂದೂ ಇರಲಿಲ್ಲ. ಯುದ್ಧದ ದೆಸೆಯಿಂದ ದಂಡಿನ, ಅಂದರೆ ಕಂಟೋನ್ಮೆಂಟಿನ, ಅಂಗಡಿಗಳಲ್ಲಿ ಗಿಟಾರಿನ ತಂತಿ ಎಂದರೆ ಕೈ ಅಲ್ಲಾಡಿಸುತ್ತಿದ್ದರು. ಅತ್ತೆಯ ಪೆಟ್ಟಿಗೆಯಲ್ಲಿ ವೀಣೆಯ ತಂತಿಗಳ ಸುರುಳಿಗಳಿದ್ದವು. ಅವನ್ನೇ ಕಟ್ಟಿದೆವು. ನಾಲ್ಕು ತಂತಿಗಳನ್ನು ಅತ್ತೆ ವೀಣೆಯಂತೆಯೇ ಸ, ಪ, ಸ, ಪ ಎಂದು ಶ್ರುತಿ ಮಾಡಿದಳು. ಇನ್ನೂ ಎರಡು ಉಳಿದವಲ್ಲ? ಸ್ವಲ್ಪ ಹೊತ್ತು ನೋಡಿ, "ವೀಣೆಗಿರೋ ಹಾಗೆ ಇವು ತಾಳದ ತಂತಿ ಇರ್ಬೇಕು ಕಣೋ" ಎಂದು ತೀರ್ಮಾನ ಕೊಟ್ಟಳು. ಅಲ್ಲ ಎನ್ನುವವರು ಯಾರಿದ್ದರು? ಲೋಕದ ಗಿಟಾರುಗಳೆಲ್ಲ ಹೀಗೇ ಇರುತ್ತವೆ ಎಂದು ನಾವಿಬ್ಬರೂ ನಂಬಿಬಿಟ್ಟೆವು.

ನಾನು ಹಿತ್ತಿಲಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗಿಟಾರನ್ನು ತೊಡೆಯ ಮೇಲೆ ವೀಣೆಯ ಹಾಗೆ ಅಡ್ಡ ಮಲಗಿಸಿ ನುಡಿಸುತ್ತಿದ್ದೆ. ವೀಣೆಗಿಂತ ಗಿಟಾರಿನ ಕತ್ತು ಗಿಡ್ಡ, ಆದ್ದರಿಂದ ತಂತಿ ಸಡಿಲ. ಬೆರಳಿಟ್ಟರೆ ಸಾಕು, ಸ್ವರ ಓಲಾಡುತ್ತಿತ್ತು. ಪಾಠ ಹೇಳಿಕೊಡು ಎಂದರೆ ಅತ್ತೆ ಒಪ್ಪಲಿಲ್ಲ.

"ಈ ಡಬ್ಬಕ್ಕೆಲ್ಲ ಪಾಠ ನಂಗೆ ಬರಲ್ಲ. ಕಿವೀಗೆ ಬಿದ್ದಿದ್ದು ನುಡಿಸ್ಕೋ ಹೋಗು" ಎಂದಳು.

ಕಿವಿಗೆ ಬೀಳುವುದಕ್ಕೆ ಬರವೇ? ಬೆಳಗಾದರೆ ಹಲಸೂರಿನ ದೇವಸ್ಥಾನದ ನಾಗಸ್ವರ. ಆಮೇಲೆ ನಡುಮನೆಯಲ್ಲಿ ಅತ್ತೆಯ ಶಿಷ್ಯೆಯರ ಸರಳೆ ವರಸೆ. ಈಗ ಶಿವಾಜಿನಗರ ಎನ್ನುವ ಕಡೆಯನ್ನು ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದೆವು. ಅಲ್ಲಿನ ಟೀ ಅಂಗಡಿಯೊಂದರಲ್ಲಿ ಗ್ರಾಮಫೋನಿನ ಕವ್ವಾಲಿ. ಭಾನುವಾರ ಸಂಜೆ ಪೆರೇಡ್ ಮೈದಾನದಲ್ಲಿ ಗೋರಾ ಸಿಪಾಯಿಗಳ ಬ್ಯಾಂಡು. ಕೇಳಿದ್ದನ್ನೆಲ್ಲ ಮನೆಗೆ ತಂದು ಆ ಸಡಿಲ ತಂತಿಗಳ ಮೇಲೆ ಸುರಿಯುತ್ತಿದ್ದೆ. ಯಾವುದು ಎಲ್ಲಿಂದ ಬಂತು ಎಂದು ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಹೀಗಿರುವಾಗ ಸೌತ್ ಪೆರೇಡ್ ರಸ್ತೆಯ ಹಾಲ್ ಒಂದರಲ್ಲಿ ಡ್ಯಾನ್ಸ್ ಬ್ಯಾಂಡ್ ನಡೆಸುತ್ತಿದ್ದ ಮಾಸ್ಟರರ ಗಿಟಾರ್‌ನವನು ಸೈನ್ಯಕ್ಕೆ ಸೇರಿದ, ಜಾಗ ಖಾಲಿ ಇದೆ ಎಂಬ ಸುದ್ದಿ ಬಂತು. ಮಾಸ್ಟರ್ ಗೋವೆಯವರು, ಪಿಟೀಲು ವಾದಕರು. ಇಂಗ್ಲಿಷು, ತಮಿಳು, ಕನ್ನಡ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಮಾತಾಡುವವರು. ಆ ಕೆಲಸ ಸಿಕ್ಕರೆ ಅತ್ತೆ ದಿನವಿಡೀ ಶಿಷ್ಯೆಯರ ಹಿಂದೆ ಗಂಟಲು ಹರಿದುಕೊಳ್ಳುವುದು ತಪ್ಪುತ್ತದೆ, ನಾನೂ ಮನೆಯಲ್ಲಿ ತಲೆ ಎತ್ತಿ ಊಟ ಮಾಡಬಹುದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಗಿಟಾರು ಹೊತ್ತು ಅವರ ಮನೆಗೆ ಹೋದೆ.

ನಾನು ನೆಲದ ಮೇಲೆ ಕೂತಾಗಲೇ ಅವರ ಹುಬ್ಬು ಮೇಲೇರಿತು. ಪೆರೇಡ್ ಮೈದಾನದಲ್ಲಿ ಕೇಳಿದ ವಾಲ್ಟ್ಜ್ ಎಂಬ ಕುಣಿತದ ಧಾಟಿಯೊಂದನ್ನು ನುಡಿಸಿದೆ. ಮುಗಿಸಿದಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು. ಗೆದ್ದೆ ಎಂದುಕೊಂಡೆ.

"ಟೋನು ಚೆನ್ನಾಗೈತೆ ಮ್ಯಾನ್, ಸುಳ್ಳು ಯಾಕೆ ಹೇಳ್ಲಿ" ಎಂದರು. "ಆದ್ರೆ ಪ್ರತಿ ನೋಟೂ ಯಾಕೆ ಹಿಂಗೆ ಅಲ್ಲಾಡ್ತದೆ? ಮಲೇರಿಯಾನಾ? ಇದಕ್ಕೆ ಜನ ಡ್ಯಾನ್ಸ್ ಮಾಡಿದ್ರೆ ಕಾಲು ಮುರ್ಕೊತಾರೆ."

ಆಮೇಲೆ ನನ್ನ ಶ್ರುತಿಯನ್ನು ನೋಡಿದರು. ಅಯ್ಯೋ ದೇವರೇ, ಆ ನಗು! ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಒಳಗೆ ಹೋಗಿ ಒಂದು ಜೊತೆ ನಿಜವಾದ ಗಿಟಾರಿನ ತಂತಿ ತಂದು ಕೈಗಿಟ್ಟರು, ಶ್ರುತಿ ಹೇಗೆ ಎಂದು ತೋರಿಸಿದರು. ಮುಂದಿನ ತಿಂಗಳು ಕುರ್ಚಿಯ ಮೇಲೆ ಕೂತು ನೇರ ನೋಟು ನುಡಿಸಿದರೆ ಜಾಗ ನನ್ನದು ಎಂದರು.

ಮನೆಗೆ ಬಂದು ಅಳು ತಡೆಯಲಾಗದೆ ಅತ್ತೆಯ ಮುಂದೆ ಕೂತೆ. ನಾಚಿಕೆಯೋ ಸಿಟ್ಟೋ ಗೊತ್ತಾಗಲಿಲ್ಲ. ಈ ನಡುಗು ಅವಳು ವೀಣೆಯಲ್ಲಿ ಸ್ವರ ಓಲಾಡಿಸುವ ಗಮಕದ್ದೇ ಎಂದು ನನಗೆ ಖಾತ್ರಿಯಾಗಿತ್ತು. ಚಿಕ್ಕಂದಿನಿಂದ ಕೇಳಿದ್ದು ಬೆರಳಿಗೆ ಅಂಟದೆ ಇರುತ್ತದೆಯೇ? ಅವಳ ಮೇಲೆಯೇ ರೇಗಿದೆ.

"ನಿನ್ನಿಂದಲೇ ನಂಗೆ ಇದು ಅಂಟಿದ್ದು. ನೀನೇ ಬಿಡಿಸು" ಎಂದೆ.

ಅತ್ತೆ ಏನೋ ಹೇಳಲು ಬಾಯಿ ತೆರೆದಳು, ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ಸರಿ, ಕೂತ್ಕೋ. ಅಳೋದು ನಿಲ್ಸು ಮೊದ್ಲು, ಮುಂಡೇದೇ" ಎಂದಳು.

ಅಂದಿನಿಂದ ನನಗೆ ಹೊಸ ಶಿಷ್ಯೆಯರ ಪಾಠ. ಒಂದೇ ಸ್ವರ, ಒಂದೇ ಜಾಗ, ಬೆರಳು ಕದಲಬಾರದು. ಕದಲಿದರೆ ಅತ್ತೆ ತನ್ನ ಕೈಯಲ್ಲಿದ್ದ ಬೀಸಣಿಗೆಯ ಹಿಡಿಯಿಂದ ಮಣಿಕಟ್ಟಿಗೆ ಒಂದು ಬಿಡುತ್ತಿದ್ದಳು. ಹೊಸ ತಂತಿ ಬಿಗಿ, ಬೆರಳ ತುದಿ ಒಡೆದು ಉರಿಯುತ್ತಿತ್ತು. ಅತ್ತೆ ಸಂಜೆ ಬೆರಳಿಗೆ ಬೆಣ್ಣೆ ಹಚ್ಚುವವಳು, ಬೆಳಗ್ಗೆ ಮತ್ತೆ ಅದೇ ಕೈಗೆ ಹೊಡೆಯುವವಳು. ಅಪ್ಪ ಒಳಗಿನಿಂದ "ಸಾಕು ಬಿಡೇ, ಕೈ ಮುರೀತೀಯ" ಎಂದರೆ, "ನೀನು ಸುಮ್ನಿರಣ್ಣ" ಎನ್ನುತ್ತಿದ್ದಳು. ಕೊನೆಗೂ ಸ್ವರ ನಿಂತಿತು. ಗೋಡೆಗೆ ಮೊಳೆ ಹೊಡೆದಂತೆ ನಿಂತಿತು.

ಕೆಲಸ ಸಿಕ್ಕಿತು. ಅಪ್ಪ ನನ್ನ ಮುಖ ತಡವಿ ನೋಡಿದರು. ಅತ್ತೆ ಪಾಯಸ ಮಾಡಿದಳು. ಶನಿವಾರ ಮಧ್ಯಾಹ್ನದ ಟೀ ಡ್ಯಾನ್ಸಿನಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಸೂಟು ಹಾಕಿಕೊಂಡು, ಗಡಿಯಾರದ ಹಾಗೆ ನುಡಿಸುತ್ತಿದ್ದೆ. ಯಾರ ಕಾಲೂ ಮುರಿಯಲಿಲ್ಲ.

ಆಗಲೇ ಗ್ರಹಚಾರ ವಕ್ಕರಿಸಿತು. ಊರಿಗೆ ಅಮೆರಿಕದ ಸಿಪಾಯಿಗಳು ಬಂದರು. ಅವರಿಗೆ ಹವಾಯಿ ದ್ವೀಪದ ಗಿಟಾರು ಎಂದರೆ ಪ್ರಾಣ. ಮೊಣಕಾಲ ಮೇಲೆ ಗಿಟಾರು ಮಲಗಿಸಿ ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತ ಸ್ವರ ಅಳುವಂತೆ ಮಾಡುವ ವಾದನ ಅದು. ನಮ್ಮಲ್ಲಿ ಅದಿಲ್ಲ ಎಂದು ಅವರು ಗೊಣಗಿದರು. ಮಾಸ್ಟರರ ಮುಖ ಅರಳಿತು. ನನ್ನ ಬೆನ್ನು ತಟ್ಟಿ, "ಫಸ್ಟ್ ದಿನ ನನ್ ಮನೇಲಿ ಅಲ್ಲಾಡ್ಸಿದ್ಯಲ್ಲ ಮ್ಯಾನ್, ಅದನ್ನೇ ನುಡ್ಸು ಈಗ! ನೆಲಕ್ಕೆ ಬೇಕಾದ್ರೂ ಕೂತ್ಕೋ" ಎಂದರು.

ಸಂತೋಷದಿಂದ ಬೆರಳಿಟ್ಟೆ. ಸ್ವರ ಅಲ್ಲಾಡಲಿಲ್ಲ. ಅಲ್ಲಾಡಿಸಿದೆ. ಎತ್ತಿನಗಾಡಿ ಕಲ್ಲು ಹತ್ತಿದಂತೆ ಕುಲುಕಾಡಿತು. ಸಿಪಾಯಿಯೊಬ್ಬ ಶಿಳ್ಳೆ ಹೊಡೆದ. ಮಾಸ್ಟರ್ ನನ್ನನ್ನು ವಿಚಿತ್ರವಾಗಿ ನೋಡಿ, ಮುಂದಿನ ಶನಿವಾರದೊಳಗೆ ಅದನ್ನು ತಾ, ಇಲ್ಲದಿದ್ದರೆ ಕೋಲಾರದ ಗಣಿಯ ಕಡೆಯಿಂದ ಒಬ್ಬನನ್ನು ಕರೆಸಬೇಕಾಗುತ್ತದೆ ಎಂದರು.

ತಂತಿಯದೇ ತಪ್ಪು ಎಂದುಕೊಂಡು ಮನೆಗೆ ಬಂದು ಹಳೆಯ ವೀಣೆಯ ತಂತಿಗಳನ್ನೇ ಕಟ್ಟಿದೆ, ಹಳೆಯ ಶ್ರುತಿಯನ್ನೇ ಇಟ್ಟೆ. ಚಾಪೆ ಹಾಸಿ ಕೂತೆ. ಊಹೂಂ. ಕೈ ಮೊಳೆಯಾಗಿತ್ತು. ಹಾಗಾದರೆ ಬೇರಿಗೇ ಹೋಗೋಣ ಎಂದು ಬೆಳಗ್ಗೆ ಎದ್ದು ಹಲಸೂರಿನ ದೇವಸ್ಥಾನಕ್ಕೆ ಹೋಗಿ ನಾಗಸ್ವರದ ಪಕ್ಕದಲ್ಲೇ ಕೂತೆ. ಕೇಳಿ ಬಂದು ನುಡಿಸಿದರೆ ನಾಗಸ್ವರದ ನಕಲು ಬಂತು, ನನ್ನ ನಡುಗು ಬರಲಿಲ್ಲ. ಬ್ಲಾಕ್‌ಪಳ್ಳಿಯ ಟೀ ಅಂಗಡಿಯಲ್ಲಿ ಹೊಟ್ಟೆ ಉಬ್ಬರಿಸುವಷ್ಟು ಟೀ ಕುಡಿಯುತ್ತ ಕವ್ವಾಲಿ ಕೇಳಿದೆ. ಅಲ್ಲಿನ ಎಳೆತವೇ ಬೇರೆ. ಪೆರೇಡ್ ಬ್ಯಾಂಡಿನಲ್ಲಂತೂ ನಡುಗಿನ ಪ್ರಶ್ನೆಯೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂದಿತ್ತು? ಎಲ್ಲಿಗೆ ಹೋಯಿತು? ರಸ್ತೆಯಲ್ಲಿ ನಿಂತು ನನ್ನ ಎಡಗೈಯನ್ನೇ ನೋಡಿಕೊಳ್ಳುತ್ತಿದ್ದೆ. ಜನ ಹುಚ್ಚ ಎಂದುಕೊಂಡಿರಬೇಕು.

ಶುಕ್ರವಾರ ಪಾಠ ಮುಗಿದು ಶಿಷ್ಯೆಯರು ಹೋದ ಮೇಲೆ ಅತ್ತೆಯ ಎದುರು ಕೂತೆ. "ಅತ್ತೆ, ನಿನ್ನ ಗಮಕ ನಂಗೆ ವಾಪಸ್ ಹೇಳ್ಕೊಡು. ಅವತ್ತು ಬಿಡಿಸಿದ್ಯಲ್ಲ, ಅದನ್ನ."

ಅತ್ತೆ ವೀಣೆಯನ್ನು ಹತ್ತಿರ ಎಳೆದುಕೊಂಡು ಒಂದು ಸ್ವರ ಹಿಡಿದು ಎಳೆದಳು. "ಇದೇನಾ?"

ಅದಲ್ಲ. ಇನ್ನೊಂದು ಸಲ ಎಳೆದಳು. ಅದೂ ಅಲ್ಲ. ಚೆನ್ನಾಗಿತ್ತು, ಶಾಸ್ತ್ರಬದ್ಧವಾಗಿತ್ತು, ಆದರೆ ಅದಲ್ಲ.

"ನಂಗೆ ಬರಲ್ಲ ಕಣೋ ಅದು. ಬಂದೇ ಇಲ್ಲ. ನೀನು ಹಿತ್ಲಲ್ಲಿ ಕೂತು ನುಡಿಸ್ತಿದ್ದಾಗ ಬಾಗಿಲ ಹಿಂದೆ ನಿಂತು ಕೇಳಿ, ಆಮೇಲೆ ಯಾರೂ ಇಲ್ದಾಗ ವೀಣೇಲಿ ಎಷ್ಟು ಸಲ ನೋಡಿದೀನಿ. ಸಿಕ್ಲಿಲ್ಲ."

"ಹಾಗಾದ್ರೆ ಅದು ಯಾರ್ದು?"

"ಯಾರ್ದು ಅಂದ್ರೆ? ನಿಂದು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ? ಯಾಕೆ ಹೊಡೆದು ಹೊಡೆದು ಬಿಡಿಸಿದೆ?"

"ಕೆಲ್ಸ ಬೇಕು ಅಂತ ಅತ್ಕೊಂಡು ಬಂದಿದ್ಯಲ್ಲೋ ಕಂದಾ" ಎಂದಳು. "ನಿಂದು ಅಂತ ಹೇಳಿದ್ರೆ ನೀನು ಅದನ್ನ ಬಿಡ್ತಿರ್ಲಿಲ್ಲ. ನಿಮ್ಮಪ್ಪನ ಕಣ್ಣು ನೋಡ್ದೆ, ಬಾಯಿ ಮುಚ್ಕೊಂಡೆ." ಕಣ್ಣೊರೆಸಿಕೊಳ್ಳುತ್ತ ಎದ್ದು ಅಡುಗೆಮನೆಗೆ ಹೋದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಕೋ ಕಾಲು ಹಿಡಿಯಬೇಕೋ ತಿಳಿಯದೆ ನಾನು ಅಲ್ಲೇ ಕೂತಿದ್ದೆ.

ಕೋಲಾರದ ಕಡೆಯವನು ಬಂದ. ಮಾಸ್ಟರ್ ದೊಡ್ಡ ಮನಸ್ಸಿನವರು, ನನ್ನನ್ನು ತೆಗೆಯಲಿಲ್ಲ. ಅವನು ಮುಂದಿನ ಕುರ್ಚಿಯಲ್ಲಿ ಸ್ವರವನ್ನು ಜಾರಿಸುತ್ತಿದ್ದ, ಸಿಪಾಯಿಗಳು ಚಪ್ಪಾಳೆ ತಟ್ಟುತ್ತಿದ್ದರು, ನಾನು ಹಿಂದೆ ಕೂತು ಅವನಿಗೆ ನೇರ ನೋಟಿನ ಆಸರೆ ಕೊಡುತ್ತಿದ್ದೆ. ಕೆಲಸ ಉಳಿಯಿತು, ಮನೆಯೂ ನಡೆಯಿತು.

ಮೊದಲ ಶನಿವಾರ ಮನೆಗೆ ಬಂದಾಗ ಅತ್ತೆ ಕಾಫಿ ಕೊಡುತ್ತ ಕೇಳಿದಳು, "ಹೊಸಬ ಚೆನ್ನಾಗಿ ಅಲ್ಲಾಡಿಸ್ತಾನೇನೋ?"

"ಚೆನ್ನಾಗಿದೆ" ಎಂದೆ.

"ನಿನ್ನಷ್ಟು?"

ಹೋಲಿಸಿ ಹೇಳೋಣ ಎಂದರೆ, ನನ್ನದು ಹೇಗೆ ಕೇಳುತ್ತಿತ್ತು ಎಂಬುದು ಅವಳಿಗೆ ನೆನಪಿತ್ತು, ನನಗಿರಲಿಲ್ಲ.